ಅವಸರದ ಗೆರೆಗೆ ಹನ್ನೊಂದು ದಿನ

ಹಾರ್ಮೆನ್ ಸ್ಲಾಟ್ ಕೆಲಸಗಳ್ಳನಾಗಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ. ಔಡರ್‌ವ್ಲೀಟ್ ಊರಿನಲ್ಲಿ ಸುಣ್ಣಬಣ್ಣದವರು ನಾಲ್ವರಿದ್ದರು. ಉಳಿದ ಮೂವರಲ್ಲಿ ಯಾರನ್ನು ಕರೆದಿದ್ದರೂ ಗೋಡೆಗೆ ಎರಡು ಕೈ ಬಿಳಿ ಬಳಿದು, ಒಂದು ಲೋಟ ಬೀರು ಕುಡಿದು ಮನೆಗೆ ಹೋಗುತ್ತಿದ್ದರು. ಬೇಕೆಂದಾಗ ಆ ಬಿಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದಿತ್ತು. ಆದರೆ ಏರಿ ಮಂಡಳಿಯ ಕಾರ್ಯದರ್ಶಿ ಮೆನೇರ್ ವಿಸ್ಸಿಂಗ್ ಕರೆಸಿದ್ದು ಹಾರ್ಮೆನ್‌ನನ್ನು.

ಐವತ್ತೆಂಟು ವರ್ಷದ ಹಾರ್ಮೆನ್ ಹೆಸರು ಮಾಡಿದ್ದು ಬಾಗಿಲುಗಳಲ್ಲಿ. ಅಗ್ಗದ ಪೈನ್ ಮರದ ಬಾಗಿಲಿಗೆ ಬೀರಿನಲ್ಲಿ ಕಲಸಿದ ಬಣ್ಣ ಬಳಿದು, ಅದು ಹಸಿಯಿರುವಾಗಲೇ ಬಾಚಣಿಗೆ ಎಳೆದು, ಹೆಬ್ಬಾತಿನ ಗರಿಯಿಂದ ಗೆರೆ ತೀಡಿ, ಇನ್ನೂರು ವರ್ಷದ ಓಕ್ ಮರ ಮಾಡಿಬಿಡುತ್ತಿದ್ದ. ಪಾದ್ರಿಯ ಮನೆಯ ಬಾಗಿಲಲ್ಲಿ ಅವನು ಬರೆದಿದ್ದ ಒಂದು ಗಂಟನ್ನು ನೋಡಿ ಬಡಗಿಯೇ ಮೋಸಹೋಗಿ, ಅಲ್ಲಿ ಮೊಳೆ ಹೊಡೆದರೆ ಮರ ಸೀಳೀತೆಂದು ಪಕ್ಕಕ್ಕೆ ಹೊಡೆದಿದ್ದ. ಆ ಗಂಟಿಗೆ ಹಾರ್ಮೆನ್ ಒಂದು ಇಡೀ ಬೆಳಿಗ್ಗೆ ಕೊಟ್ಟಿದ್ದ. ತಾನಾಗಿ ಬಂದದ್ದರಂತೆ ಕಾಣಬೇಕಾದರೆ ಬಹಳ ಯೋಚನೆ ಮಾಡಬೇಕು ಎನ್ನುವುದು ಅವನ ಕಸುಬಿನ ಮೊದಲ ಪಾಠ.

ಮಂಡಳಿಯ ತಾಪತ್ರಯ ಶುರುವಾದದ್ದು ಹೊಸ ಕಚೇರಿಯ ಕ್ಯಾಂಟೀನಿನಲ್ಲಿ. ಯುದ್ಧ ಮುಗಿದು ಏಳು ವರ್ಷವಾಗಿತ್ತು, ಸರ್ಕಾರಿ ಕಟ್ಟಡವೆಂದರೆ ಒಂದು ಚಿತ್ರವೂ ಇರಬೇಕೆಂದು ಸರ್ಕಾರ ಕೂರುವ ಹೇಗ್ ಪಟ್ಟಣದಿಂದ ಆದೇಶ ಬಂದಿತ್ತು. ಸಮುದ್ರವನ್ನು ಏರಿಯ ಆಚೆ ತಡೆದು ನಿಲ್ಲಿಸುವುದರಲ್ಲಿ ಮಂಡಳಿಯವರನ್ನು ಮೀರಿಸುವವರಿಲ್ಲ. ಚಿತ್ರದ ವಿಷಯದಲ್ಲಿ ಮಾತ್ರ ಅವರ ಅನುಭವ ಕ್ಯಾಲೆಂಡರಿನ ಹಸುಗಳನ್ನು ದಾಟಿರಲಿಲ್ಲ. ಜನವರಿಯಲ್ಲಿ ಆಮ್‌ಸ್ಟರ್‌ಡಾಮ್‌ನಿಂದ ಯೋರಿಸ್ ಎಂಬ ಚಿತ್ರಗಾರ ಬಂದ. ವಯಸ್ಸು ಇಪ್ಪತ್ತಾರು, ಅಂಗಿಯ ಗುಂಡಿ ಎರಡು. ಕಲಿತದ್ದನ್ನೆಲ್ಲ ಮರೆತು, ಮಕ್ಕಳ ಹಾಗೆ, ಕೈ ಹೋದ ಕಡೆ ಬರೆಯಬೇಕೆಂದು ಹಟ ತೊಟ್ಟ ಗುಂಪಿನವನು. ಒಂದೇ ಮಧ್ಯಾಹ್ನದಲ್ಲಿ, ಕೋಟು ಬಿಚ್ಚಿ, ಕಿರುಚಿಕೊಂಡು, ಬಣ್ಣವನ್ನು ಬ್ರಷ್ಷಿನಲ್ಲೂ ಕೈಯಲ್ಲೂ ಡಬ್ಬಿಯಿಂದ ನೇರವಾಗಿಯೂ ಗೋಡೆಗೆ ಬಾರಿಸಿ ಹೋಗಿಬಿಟ್ಟ.

ಬಂಡಿಚಕ್ರದಷ್ಟು ದೊಡ್ಡ ತಲೆಯ ಒಂದು ಮಗು ಎರಡೂ ಕೈ ಎತ್ತಿ ಬಾಯಿ ತೆರೆದಿತ್ತು. ಪಕ್ಕದಲ್ಲಿ ಹಸುವೋ ಬೆಕ್ಕೋ ಹೇಳಲಾಗದ ಒಂದು ಕೆಂಪು ಮೃಗ ಹಲ್ಲು ಕಿರಿದಿತ್ತು. ಮೇಲೆ ಯಾರೋ ಎಸೆದ ಮೊಟ್ಟೆಯಂತೆ ಹಳದಿ ಚೆಲ್ಲಿತ್ತು. ಬಣ್ಣ ಕೆಲವು ಕಡೆ ಬೆರಳು ದಪ್ಪ. ಒಂದು ವಾರದಲ್ಲಿ ಗುಮಾಸ್ತರೆಲ್ಲ ಕುರ್ಚಿಗಳನ್ನು ಎಳೆದು ಗೋಡೆಗೆ ಬೆನ್ನು ಹಾಕಿ ಕೂತರು. ಎರಡನೆಯ ವಾರ, ಬೆನ್ನಿನ ಹಿಂದೆ ಅದು ನೋಡುತ್ತಿದೆ ಎಂದು ದೂರು ಕೊಟ್ಟರು. ಗೋಡೆಗೆ ಮುಖ ಮಾಡಿ ನಿಂತವಳು ಒಬ್ಬಳೇ, ಸೂಪು ಬಡಿಸುವ ಟಾಂಟೆ ಬೆಟ್, ಎಂದರೆ ಎಲ್ಲರ ಬೆಟ್ ಅತ್ತೆ. ಅವಳ ಬಡಿಸುವ ಕಿಟಕಿ ಇದ್ದದ್ದೇ ಎದುರಿಗೆ, ಬೇರೆ ದಾರಿಯಿರಲಿಲ್ಲ. ಆ ಮೃಗಕ್ಕೆ ತನ್ನ ಗಂಡನ ಹೋಲಿಕೆಯಿದೆ ಎಂದು ಅವಳಿಗೆ ಅದರ ಮೇಲೆ ಅಕ್ಕರೆ. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು.

"ಬಾಸ್ ಸ್ಲಾಟ್, ನಮ್ಮ ಜನಕ್ಕೆ ತುತ್ತು ಗಂಟಲಲ್ಲಿ ಇಳೀತಿಲ್ಲ," ಎಂದರು ವಿಸ್ಸಿಂಗ್ ಮಾರ್ಚಿಯಲ್ಲಿ; ಕಸುಬಿನ ಮೇಸ್ತ್ರಿಗಳನ್ನು ಆ ಊರಲ್ಲಿ ಬಾಸ್ ಎಂದೇ ಕರೆಯುವುದು. "ಆ ಗೋಡೆಗೆ ಒಂದು ಗತಿ ಕಾಣಿಸಿ. ಕಾಗದ ಪತ್ರ ಏನೂ ಬೇಡ, ನಾವು ನಾವೇ ಅಲ್ವಾ."

ಹಾರ್ಮೆನ್ ಗೋಡೆಯನ್ನು ನೋಡಿದ. ಈ ಉಬ್ಬುತಗ್ಗಿನ ಮೇಲೆ ಬಿಳಿ ಬಳಿಯುವುದೆಂದರೆ ಸ್ನಾನ ಮಾಡದೆ ಹಬ್ಬದ ಬಟ್ಟೆ ತೊಟ್ಟ ಹಾಗೆ. ಬೆಂಕಿಯುಗುಳುವ ಬ್ಲೋ ಲ್ಯಾಂಪ್ ಹಚ್ಚಿ, ಬಣ್ಣ ಮೆತ್ತಗೆ ಮಾಡಿ, ಪದರ ಪದರವಾಗಿ ಕೆರೆದ. ಮೃಗದ ಕೆಂಪಿನ ಕೆಳಗೆ ಹಸಿರು ಸಿಕ್ಕಿತು, ಹಸಿರಿನ ಕೆಳಗೆ ಆ ಹುಡುಗ ಮನಸ್ಸು ಬದಲಾಯಿಸಿ ಅಳಿಸಿದ ಇನ್ನೊಂದು ಕಿವಿ. ಮೂರು ದಿನ ಕೆರೆದು, ಉಪ್ಪುಕಾಗದ ತಿಕ್ಕಿ, ಲಪ್ಪ ಹಾಕಿ, ನಾಲ್ಕು ಕೈ ಬಿಳಿ ಕೊಟ್ಟ. ಗೋಡೆ ಹಾಲಿನ ಕೆನೆಯಾಯಿತು. ಕೆರೆದ ಬಣ್ಣದ ಚಕ್ಕೆಗಳನ್ನು ಎರಡು ಡಬ್ಬಿಗಳಲ್ಲಿ ತುಂಬಿ ಮನೆಗೆ ಒಯ್ದ. ಏನನ್ನಾದರೂ ಎಸೆಯುವುದು ಅವನ ಜಾಯಮಾನವಲ್ಲ. ಗುಮಾಸ್ತರು ಚಪ್ಪಾಳೆ ತಟ್ಟಿ, ಕುರ್ಚಿ ತಿರುಗಿಸಿಕೊಂಡು ಬ್ರೆಡ್ಡು ತಿಂದರು. ಟಾಂಟೆ ಬೆಟ್ ಮಾತ್ರ ಆ ದಿನ ಅವನಿಗೆ ಸೂಪು ಬಡಿಸಲಿಲ್ಲ.

ಮೇ ತಿಂಗಳಲ್ಲಿ ಹೇಗ್‌ನಿಂದ ಕಾಗದ ಬಂತು. ಕಲಾ ಇಲಾಖೆಯ ಡಾಕ್ಟರ್ ರೂಡೆನ್‌ಬುರ್ಗ್ ಹದಿನಾಲ್ಕು ದಿನದಲ್ಲಿ ಬಂದು, ಸರ್ಕಾರದ ಸೊತ್ತಾದ ಆ ಭಿತ್ತಿಚಿತ್ರವನ್ನು ಪರಿಶೀಲಿಸುತ್ತಾರೆ ಎಂದಿತ್ತು. ವಿಸ್ಸಿಂಗ್ ಹಾರ್ಮೆನ್‌ನನ್ನು ಕರೆಸಿ ಬಾಗಿಲು ಹಾಕಿಕೊಂಡರು.

"ಬಿಳಿ ಒರೆಸಿ ತೆಗೀರಿ, ಬಾಸ್."

"ಒರೆಸಿದ್ರೆ ಗೋಡೆ ಬರುತ್ತೆ, ಮೆನೇರ್. ಚಿತ್ರ ಡಬ್ಬೀಲಿದೆ."

ವಿಸ್ಸಿಂಗ್ ಹೇಗ್‌ನ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. "ನೋಡಿ, ನಾನು ನಿಮಗೆ ಹೇಳಿದ್ದು ಓಣಿಯ ಗೋಡೆ. ನೀವು ತಪ್ಪು ತಿಳ್ಕೊಂಡು ಕ್ಯಾಂಟೀನಿನ ಗೋಡೆ ಕೆರೆದ್ರಿ. ಕಾಗದ ಪತ್ರ ಏನೂ ಇಲ್ವಲ್ಲ. ಪೇಪರಿನವರು ಕೇಳಿದ್ರೆ ನಾನಿನ್ನೇನು ಹೇಳಕ್ಕಾಗುತ್ತೆ?"

ಹಾರ್ಮೆನ್‌ನ ಕಿವಿ ಬಿಸಿಯಾಯಿತು. ನಲವತ್ತು ವರ್ಷ ಒಂದು ಬಾಗಿಲೂ ವಾಪಸು ಬಂದಿರಲಿಲ್ಲ. ಈಗ ದೇಶದ ಪೇಪರುಗಳಲ್ಲಿ ಅವನ ಹೆಸರು ಮೊದಲ ಸಲ ಅಚ್ಚಾಗುವುದೇ ಚಿತ್ರ ಕೆರೆದು ಹಾಳುಮಾಡಿದ ಪೆದ್ದ ಎಂದು. ಕೋಪಕ್ಕಿಂತ ಅವಮಾನ ದೊಡ್ಡದಾಗಿತ್ತು.

"ಅದನ್ನ ಬರೆದ ಹುಡುಗನ್ನೇ ಕರೆಸಿ," ಎಂದ.

"ಪ್ಯಾರಿಸ್ಸಲ್ಲಿದಾನೆ. ಗೊತ್ತಾದ್ರೆ ಮೊದಲು ಕಿರುಚೋನೇ ಅವನು."

ಹಾರ್ಮೆನ್ ಮನೆಗೆ ಹೋಗಿ ಎರಡು ಡಬ್ಬಿಗಳನ್ನೂ ಅಡುಗೆಮನೆಯ ಮೇಜಿನ ಮೇಲೆ ಸುರಿದ. ಹೆಂಡತಿ ಡೀನಾ ಆಲೂಗಡ್ಡೆಯ ಪಾತ್ರೆ ಹಿಡಿದುಕೊಂಡು ಇಡಲು ಜಾಗವಿಲ್ಲದೆ ನಿಂತಳು.

"ಏನ್ರೀ ಇದು?"

"ಹಸು. ಅಥವಾ ಬೆಕ್ಕು."

ಅವನ ಬಳಿ ಇದ್ದದ್ದು ಆ ಚಕ್ಕೆಗಳು, ಊರಿನ ಪೇಪರಿನಲ್ಲಿ ಬಂದಿದ್ದ ಅಂಗೈಯಗಲದ ಕಪ್ಪುಬಿಳುಪು ಫೋಟೋ, ಮತ್ತು ಮೂರು ದಿನ ಕೆರೆದ ಕೈಯ ನೆನಪು. ಆ ಗೋಡೆಯನ್ನು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದಷ್ಟು ಅವನು ಬಲ್ಲ. ಯಾವ ಗೆರೆಯ ಮೇಲೆ ಯಾವ ಗೆರೆ ಬಂತು, ಎಲ್ಲಿ ಬ್ರಷ್ಷು ಒಣಗಿತು, ಎಲ್ಲಿ ಹುಡುಗ ಸಿಗರೇಟು ಸೇದಲು ಹೋಗಿ ಬಂದ, ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ಓದಿಯಾಗಿತ್ತು. ಬಾಗಿಲಿಗೆ ಓಕ್ ಮರ ಬರೆದವನು ಗೋಡೆಗೆ ಒಬ್ಬ ಹುಡುಗನ ಅವಸರವನ್ನು ಬರೆಯಬೇಕು, ಅಷ್ಟೇ.

ಕ್ಯಾಂಟೀನಿಗೆ ಬೀಗ ಹಾಕಿ, ಚರಂಡಿ ರಿಪೇರಿ ಎಂದು ಹಲಗೆ ತೂಗುಹಾಕಿದರು. ಮೊದಲ ಮೂರು ದಿನ ಹಾರ್ಮೆನ್ ಮನೆಯ ಅಟ್ಟದಲ್ಲಿ ಹಳೆ ಪೇಪರುಗಳ ಮೇಲೆ ಅಭ್ಯಾಸ ಮಾಡಿದ. ಭುಜದಿಂದ ಬೀಸಿ ಬರೆದ ಗೆರೆಯನ್ನು ಭುಜದಿಂದ ಬೀಸಿ ನೋಡಿದ, ಬೆನ್ನು ಹಿಡಿದುಕೊಂಡಿತು. ಮೊಟ್ಟೆ ಒಡೆದಂತಿದ್ದ ಆ ಹಳದಿಯನ್ನು ಮೂವತ್ತೇಳು ಸಲ ಅಟ್ಟದ ಗೋಡೆಗೆ ಎಸೆದ. ಮೂವತ್ತೇಳೂ ಬೇರೆ ಬೇರೆಯಾಗಿ ಚೆಲ್ಲಿದವು. ಕಡೆಗೆ ಎಸೆಯುವ ಹುಚ್ಚು ಬಿಟ್ಟು, ಚೌಕ ಚೌಕ ಗೆರೆ ಹಾಕಿಕೊಂಡು, ಕ್ಯಾಂಟೀನಿನ ಗೋಡೆಯ ಮೇಲೆ ಒಂದೊಂದು ಹನಿಯನ್ನೂ ಸಣ್ಣ ಬ್ರಷ್ಷಿನಲ್ಲಿ ತೀಡಲು ಕೂತ.

ಡೀನಾ ಬುತ್ತಿ ತಂದಾಗ ಅವನು ಏಣಿಯ ಮೇಲಿದ್ದ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ.

"ಊಟಕ್ಕೆ ಇಳೀರಿ. ಆ ಹುಡುಗ ಇಡೀ ಗೋಡೆಯನ್ನ ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ನಂತೆ."

"ಇದು ಅವಸರದಲ್ಲಿ ಹಾಕಿದ ಗೆರೆ ಕಣೇ. ಎರಡು ದಿನ ಬೇಕು. ಅವಸರ ಮಾಡಬೇಡ."

ಟಾಂಟೆ ಬೆಟ್ ಮಾತ್ರ ತನ್ನ ಕಿಟಕಿ ಬಿಟ್ಟು ಕದಲಲಿಲ್ಲ. ಚರಂಡಿ ರಿಪೇರಿಯಾದರೂ ಸೂಪು ಬೇಯಬೇಕಲ್ಲ ಎಂದು ಹೇಳಿ ದಿನವೂ ಬಂದು, ಒಲೆಯ ಮುಂದೆ ನಿಂತು ತನಿಖೆ ಮಾಡುತ್ತಿದ್ದಳು.

"ಮೃಗದ ಎಡಗಣ್ಣು ಇದಕ್ಕಿಂತ ಜಾಸ್ತಿ ಮುನಿಸ್ಕೊಂಡಿತ್ತು, ಹಾರ್ಮೆನ್."

"ಹೀಗಾ?"

"ಇದು ಹಲ್ಲುನೋವು. ಮುನಿಸು ಬೇರೆ. ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ, ನಂಗೆ ಗೊತ್ತಿಲ್ವಾ?"

ಹಾರ್ಮೆನ್ ಕಣ್ಣನ್ನು ಅಳಿಸಿ ಮತ್ತೆ ಬರೆದ. ಮೃಗದ ಹಿಂಗಾಲು ಕೂಡ ಸೊಟ್ಟಗಿತ್ತು. ಅದನ್ನು ನೆಟ್ಟಗೆ ಮಾಡಲು ಕೈ ತುರಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಸೊಟ್ಟಗೇ ಬರೆದ. ದಪ್ಪ ಬಣ್ಣ ಬೇಗ ಆರಲೆಂದು ಒಣಗಿಸುವ ಮದ್ದು ಬೆರೆಸಿ, ಮೇ ತಿಂಗಳ ಬಿಸಿಲಿನಲ್ಲಿ ಒಲೆ ಹಚ್ಚಿಟ್ಟು, ಒಳಂಗಿಯಲ್ಲೇ ದುಡಿದ.

ಹನ್ನೊಂದನೆಯ ದಿನ ಗುರುವಾರ. ಸಂಜೆ ನಾಲ್ಕೂವರೆಗೆ ಕೊನೆಯ ಗೆರೆ ಮುಗಿಯಿತು. ಹಾರ್ಮೆನ್ ಏಣಿಯಿಂದ ಇಳಿದ. ಬ್ರಷ್ಷಿನಲ್ಲಿ ಸ್ವಲ್ಪ ನೀಲಿ ಉಳಿದಿತ್ತು. ಮಗುವಿನ ಬಲಗೈಗೂ ಅದೇ ಗೋಡೆಯ ಅಂಚಿನಲ್ಲಿದ್ದ ಬೀದಿಕಡೆಯ ಕಿಟಕಿಗೂ ನಡುವೆ ಒಂದು ಮೊಳ ಖಾಲಿ ಜಾಗ. ಅವನು ಏನನ್ನೂ ಯೋಚಿಸಿರಲಿಲ್ಲ; ಬೆನ್ನು ನೋಯುತ್ತಿತ್ತು, ಕೆಲಸ ಮುಗಿದದ್ದಕ್ಕೆ ಮನಸ್ಸು ಹಗುರವಾಗಿತ್ತು, ಅಷ್ಟೇ. ಕೈ ಹೋಯಿತು. ಒಂದು ಸುತ್ತು, ಒಂದು ಚೂಪು, ಕೆಳಗೆ ಎರಡು ಗಿಡ್ಡ ಗೆರೆ.

"ಅದು ಇರ್ಲಿಲ್ಲ," ಎಂದಳು ಟಾಂಟೆ ಬೆಟ್ ತನ್ನ ಬಡಿಸುವ ಕಿಟಕಿಯಿಂದ.

"ಇರ್ಲಿಲ್ಲ."

"ಏನದು?"

"ಗೊತ್ತಿಲ್ಲ. ಹಕ್ಕಿ ಇರಬೇಕು."

"ಒರೆಸು ಮತ್ತೆ. ನಾಳೆ ಬೆಳಿಗ್ಗೆ ಅವರು ಬರ್ತಾರೆ."

ಹಾರ್ಮೆನ್ ಚಿಂದಿ ಕೈಗೆತ್ತಿಕೊಂಡ. ಹಕ್ಕಿಯ ಮುಂದೆ ನಿಂತ. ಎದೆ ಒಂದು ಥರ ಹೊಡೆದುಕೊಳ್ಳುತ್ತಿತ್ತು, ಚಿಕ್ಕವನಿದ್ದಾಗ ಯಾರದೋ ತೋಟದಲ್ಲಿ ಸೇಬು ಕದ್ದಾಗಿನ ಹಾಗೆ. ಚಿಂದಿಯನ್ನು ಮಡಿಸಿ ಜೇಬಿಗೆ ಹಾಕಿದ.

"ಒಣಗಿಹೋಯ್ತು," ಎಂದ.

ಎಣ್ಣೆಬಣ್ಣ ಒಂದು ನಿಮಿಷದಲ್ಲಿ ಒಣಗುವುದಿಲ್ಲವೆಂದು ಟಾಂಟೆ ಬೆಟ್‌ಗೂ ಗೊತ್ತಿತ್ತು. ಅವಳು ಸೂಪು ಕಲಕಿದಳು.

ಶುಕ್ರವಾರ ಡಾಕ್ಟರ್ ರೂಡೆನ್‌ಬುರ್ಗ್ ಬಂದರು. ಎತ್ತರದ ಆಸಾಮಿ, ಕುತ್ತಿಗೆಗೆ ರೇಷ್ಮೆ ಬಟ್ಟೆ, ಕೈಯಲ್ಲಿ ಕಿರುಪುಸ್ತಕ. ಅವರ ಹಿಂದೆಯೇ ಎರಡು ಗುಂಡಿಯ ಅಂಗಿ ತೊಟ್ಟು ಯೋರಿಸ್ ಇಳಿದ. ವಿಸ್ಸಿಂಗರ ಮುಖ ಅವರ ಕಾಲರಿನಷ್ಟೇ ಬೆಳ್ಳಗಾಯಿತು. ಇವನು ಬರುವ ಸಂಗತಿ ಕಾಗದದಲ್ಲಿ ಇರಲಿಲ್ಲ. ರಿಪೇರಿಗೆ ಬಂದವನಂತೆ ಮೂಲೆಯಲ್ಲಿ ನಿಂತಿದ್ದ ಹಾರ್ಮೆನ್ ಪಕ್ಕದ ಏಣಿ ಹಿಡಿದುಕೊಂಡ. ಬಡಗಿಯನ್ನು ಮೋಸಮಾಡಬಹುದು, ಮರವನ್ನೇ ಮೋಸಮಾಡುವುದು ಹೇಗೆ?

ಯೋರಿಸ್ ಬಾಗಿಲಲ್ಲೇ ನಿಂತ. ಕಿರುಚಲು ತೆರೆದಿದ್ದ ಬಾಯಿ ತೆರೆದೇ ಇತ್ತು. ಮೃಗವನ್ನು ನೋಡಿದ, ಹಳದಿಯನ್ನು ನೋಡಿದ, ಮತ್ತೆ ಮೃಗವನ್ನು ನೋಡಿದ.

ಮೊದಲು ಮಾತಾಡಿದವರು ಡಾಕ್ಟರು. "ಆಹಾ! ಇನ್ನೂ ಹಸಿ ಬಣ್ಣದ ವಾಸನೆ ಬರೋ ಹಾಗಿದೆ! ನಾಲ್ಕು ತಿಂಗಳಾದ್ರೂ ಎಂಥ ತಾಜಾತನ!"

"ಕಟ್ಟಡ ಹೊಸದು, ಡಾಕ್ಟರ್," ಎಂದರು ವಿಸ್ಸಿಂಗ್ ಬೆವರು ಒರೆಸಿಕೊಂಡು.

"ಈ ಹಳದಿ ನೋಡಿ, ಮೆನೇರ್ ವಿಸ್ಸಿಂಗ್. ಒಂದು ಕ್ಷಣ! ಕೈ ಎತ್ತಿದ, ಎಸೆದ, ಮುಗೀತು. ಇಲ್ಲಿ ಯೋಚನೆ ಅನ್ನೋದೇ ಇಲ್ಲ!"

ಆ ಒಂದು ಕ್ಷಣಕ್ಕೆ ಎರಡು ದಿನ ಕೊಟ್ಟಿದ್ದ ಹಾರ್ಮೆನ್ ನೆಲ ನೋಡಿದ. ಡಾಕ್ಟರು ದಪ್ಪ ಕೆಂಪಿನತ್ತ ಬೆರಳು ಚಾಚಿದರು. ಮೇಲಷ್ಟೇ ಆರಿದ್ದ ಕೆಂಪು ಅದು.

"ಮುಟ್ಬೇಡಿ!" ಎಂದು ಟಾಂಟೆ ಬೆಟ್ ಸೌಟಿನಿಂದ ಕಿಟಕಿಯ ಕಟ್ಟೆಗೆ ಬಡಿದಳು. "ಸರ್ಕಾರದ್ದು!"

ಡಾಕ್ಟರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು, ಗೋಡೆಯುದ್ದಕ್ಕೂ ನಡೆದರು. ಸೊಟ್ಟ ಹಿಂಗಾಲಿಗೆ ತಲೆದೂಗಿದರು. ಬೀದಿಕಡೆಯ ಕಿಟಕಿಯ ಹತ್ತಿರ ಬಂದಾಗ ಹುಬ್ಬು ಗಂಟಿಕ್ಕಿತು.

"ಇದು ಬೇರೆ ಥರ ಇದೆ. ಈ ನೀಲಿ ಹಕ್ಕಿ. ಇಲ್ಲಿ ಬುದ್ಧಿ ಕೆಲಸ ಮಾಡಿದೆ. ಅಳೆದು ಸುರಿದು ಮಾಡಿದ್ದು, ಪ್ರಾಣ ಇಲ್ಲ. ಇಡೀ ಗೋಡೆಯಲ್ಲಿ ಇದೊಂದೇ ಸುಳ್ಳು."

ವಿಸ್ಸಿಂಗರಿಗೆ ಇದೇ ಸಾಕಾಗಿತ್ತು. ತಪ್ಪನ್ನು ಅಲ್ಲೇ ಮುಚ್ಚಿ ಶಭಾಷ್ ಎನಿಸಿಕೊಳ್ಳುವ ಅವಕಾಶ ಸಿಕ್ಕರೆ ಅವರು ಬಿಡುವವರಲ್ಲ. "ಬಾಸ್ ಸ್ಲಾಟ್! ಬಿಳಿ ತನ್ನಿ, ಅದನ್ನ ಮುಚ್ಚಿಬಿಡಿ. ಈಗಲೇ."

ಹಾರ್ಮೆನ್ ಕದಲಲಿಲ್ಲ. ಸುಮ್ಮನೆ ಒಂದು ಸಲ ಬ್ರಷ್ಷು ಎಳೆದರೆ ಸಾಕು, ಅವನ ಹೆಸರು ಉಳಿಯುತ್ತಿತ್ತು, ಪೇಪರಿನ ಭಯ ತಪ್ಪುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ದಿನ ಕಷ್ಟಪಟ್ಟದ್ದೇ ಅದಕ್ಕೆ.

"ಆಗಲ್ಲ, ಮೆನೇರ್," ಎಂದ. "ಅದನ್ನ ಬರೆದಿದ್ದು ನಾನು. ನಿನ್ನೆ, ನಾಲ್ಕೂವರೆಗೆ. ಅಳೀಲಿಲ್ಲ, ಸುರೀಲಿಲ್ಲ. ಕೈ ಹೋಯ್ತು, ಬರೆದೆ. ಬೇರೆ ಏನಕ್ಕಾದ್ರೂ ಬೈಯಿರಿ. ಅದನ್ನ ಮಾತ್ರ ನಾನು ಮುಚ್ಚಲ್ಲ."

ವಿಸ್ಸಿಂಗ್ ಹತ್ತಿರದ ಕುರ್ಚಿಯ ಮೇಲೆ ಕೂತರು. ಡಾಕ್ಟರು ನಿಧಾನವಾಗಿ ಯೋರಿಸ್‌ನತ್ತ ತಿರುಗಿದರು.

"ನಿಮ್ಮ ಚಿತ್ರದ ಮೇಲೆ ಈ ಬಣ್ಣದವರು ಕೈ ಆಡಿಸಿದಾರೆ ಅಂತಾಯ್ತು. ನಿಮಗೆ ಗೊತ್ತಿತ್ತಾ?"

ಹಾರ್ಮೆನ್ ಆ ಹುಡುಗನ ಮುಖ ನೋಡಿದ. ಬೇಡಿಕೊಳ್ಳಬೇಕೆನಿಸಲಿಲ್ಲ. ಹೇಳುವುದನ್ನು ಹೇಳಿಬಿಡಲಿ ಎನಿಸಿತು.

ಯೋರಿಸ್ ತಲೆ ಕೆರೆದುಕೊಂಡ. "ಅದರಲ್ಲೇನಿದೆ, ಡಾಕ್ಟರ್? ನಮ್ಮ ಗುಂಪಲ್ಲಿ ಗೋಡೆ ಒಬ್ಬನದಲ್ಲ. ಒಬ್ಬ ಬರೆದಿದ್ರ ಮೇಲೆ ಇನ್ನೊಬ್ಬ ಬರೀತಾನೆ, ಯಾವುದು ಯಾರದು ಅಂತ ಯಾರೂ ಕೇಳಲ್ಲ. ಹೋದ ಬೇಸಿಗೇಲಿ ಒಂದು ಹಳ್ಳಿಮನೆ ಇಡೀ ಹಾಗೇ ಬರೆದ್ವಿ. ಆ ಮನೆ ಅಜ್ಜಿನೂ ಒಂದು ಬಾಗಿಲು ಬರೆದ್ಲು. ಈ ಗೋಡೆ ನಾವಿಬ್ರೂ ಸೇರಿ ಬರೆದಿದ್ದು. ನೀವು ತಿಳ್ಕೊಂಡಿದ್ದಕ್ಕಿಂತ ಅವರ ಪಾಲು ಜಾಸ್ತಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹಕ್ಕಿಯ ಹತ್ತಿರ ಬಾಗಿದರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.

"ಹೌದಲ್ಲ," ಎಂದರು. "ಕಿಟಕಿ ಬೆಳಕು ಬೀಳ್ತಿತ್ತು, ಸರಿಯಾಗಿ ಕಂಡಿರ್ಲಿಲ್ಲ. ಇದರಲ್ಲಿ ಒಂಥರಾ... ಏನು ನಿಮ್ಮ ಹೆಸರು?"

"ಸ್ಲಾಟ್. ಹಾರ್ಮೆನ್."

ಡಾಕ್ಟರು ಕಿರುಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ, ಎದ್ದು ನಿಲ್ಲಲು ಒಂದು ನಿಮಿಷ ತೆಗೆದುಕೊಂಡ ವಿಸ್ಸಿಂಗರ ಜೊತೆ ಪಂಪ್‌ಹೌಸ್ ನೋಡಲು ಹೋದರು. ದಾರಿಯುದ್ದಕ್ಕೂ ವಿಸ್ಸಿಂಗ್, ಮಂಡಳಿ ಮೊದಲಿನಿಂದಲೂ ಹೊಸ ಕಲೆಗೆ ಬೆಂಬಲ ಕೊಡುತ್ತಾ ಬಂದಿದೆ ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಕ್ಯಾಂಟೀನಿನಲ್ಲಿ ಮೂವರು ಉಳಿದರು. ಟಾಂಟೆ ಬೆಟ್ ಎರಡು ಬಟ್ಟಲು ಬಟಾಣಿ ಸೂಪು ತಂದಿಟ್ಟಳು, ಹಾರ್ಮೆನ್‌ನ ಬಟ್ಟಲಿಗೆ ಎರಡು ತುಂಡು ಸಾಸೇಜು ಜಾಸ್ತಿ.

"ಈ ಟಾಂಟೆ ಮಾರ್ಚಿಯಲ್ಲೇ ನಂಗೆ ಕಾಗದ ಬರೆದಿದ್ರು, ಕೆರೆದುಹಾಕಿದ್ರು ಅಂತ," ಎಂದ ಯೋರಿಸ್. "ಆಮ್‌ಸ್ಟರ್‌ಡಾಮ್ ವಿಳಾಸಕ್ಕೆ ಹೋಗಿ, ಅಲ್ಲಿಂದ ಸುತ್ತಿ ಪ್ಯಾರಿಸ್ಸಿಗೆ ತಲುಪೋಕೆ ಎರಡು ತಿಂಗಳಾಯ್ತು. ರೈಲಲ್ಲಿ ಕೂತು ಇವತ್ತು ಕಿರುಚಬೇಕಾದ ಭಾಷಣ ಪೂರ್ತಿ ಬರ್ಕೊಂಡು, ಬಾಯಿಪಾಠ ಮಾಡ್ಕೊಂಡು ಬಂದಿದ್ದೆ."

"ನೀವು ತಯಾರಿ ಮಾಡಲ್ಲ ಅಂತಾರೆ," ಎಂದ ಹಾರ್ಮೆನ್.

"ಅದು ಚಿತ್ರಕ್ಕೆ. ಬೈಗುಳ ಹಾಗಲ್ಲ." ಯೋರಿಸ್ ಚಮಚ ಹಿಡಿದು ಗೋಡೆಯತ್ತ ನೋಡಿದ. "ಎಷ್ಟು ದಿನ ಹಿಡೀತು, ಬಾಸ್?"

"ಹನ್ನೊಂದು."

"ಆ ಹಿಂಗಾಲು ಎಷ್ಟು ಕೆಟ್ಟದಾಗಿತ್ತು ಅಂತ ನಂಗೇ ಮರೆತುಹೋಗಿತ್ತು. ಸರಿಮಾಡಬಾರ್ದಿತ್ತಾ?"

"ತಪ್ಪು ನಿಂದು. ನಾನ್ಯಾಕೆ ಮುಟ್ಲಿ?"

ಹುಡುಗ ನಕ್ಕ. ಆಮೇಲೆ ನಗು ನಿಂತು, ಕಣ್ಣು ಒದ್ದೆಯಾಯಿತು; ಸೂಪಿನ ಹಬೆ ಎಂದು ಒರೆಸಿಕೊಂಡ. ಹಾರ್ಮೆನ್ ಅವನ ಕಡೆ ನೋಡದೆ ಬ್ರೆಡ್ಡು ಮುರಿದ. ಕೇಳಬೇಕೋ ಬೇಡವೋ ಎಂದು ಅರ್ಧ ಬಟ್ಟಲು ಮುಗಿಯುವ ತನಕ ಒದ್ದಾಡಿ, ಕಡೆಗೆ ಕೇಳಿಯೇಬಿಟ್ಟ.

"ಆ ಹಕ್ಕಿ. ನಿಜ ಹೇಳು. ಚೆನ್ನಾಗಿದ್ಯಾ?"

ಯೋರಿಸ್ ಎದ್ದು ಹೋಗಿ ಕಿಟಕಿಯ ಬಳಿ ನಿಂತ. ಡಾಕ್ಟರಿಗಿಂತ ಹೆಚ್ಚು ಹೊತ್ತು ನೋಡಿದ.

"ಇಲ್ಲ, ಬಾಸ್. ಕಾಲು ಗಿಡ್ಡ. ಹೀಗಿದ್ರೆ ಅದು ನಿಲ್ಲಲ್ಲ, ಮುಗ್ಗರಿಸುತ್ತೆ."

"ಹಾರೋ ಹಕ್ಕಿ ಯಾಕೆ ನಿಲ್ಬೇಕು?"

"ಹಾರ್ತಿದ್ರೆ ಕಾಲು ಮಡಚ್ಕೋಬೇಕಲ್ವಾ?"

"ಇದು ಈಗ ತಾನೇ ಎದ್ದಿರೋದು! ಮಡಚ್ಕೊಳ್ಳೋಕೆ ಪುರುಸೊತ್ತೆಲ್ಲಿದೆ?" ಹಾರ್ಮೆನ್ ಚಮಚ ಹಿಡಿದೇ ಎದ್ದು ಬಂದ. "ನಿನ್ನ ಮೃಗ ಮೊದಲು ನೆಟ್ಟಗೆ ನಿಲ್ಲಲಿ, ಆಮೇಲೆ ನನ್ನ ಹಕ್ಕಿ ಕಾಲು ನೋಡು!"

"ನನ್ನ ಮೃಗ ನಿಂತಿಲ್ಲ, ಅದು ಜಿಗೀತಾ ಇದೆ!"

"ಅದು ಜಿಗಿಯೋ ಕಾಲಾ? ನಾನು ಬರೆದಿದೀನಯ್ಯಾ ಅದನ್ನ, ನಂಗೆ ಗೊತ್ತಿಲ್ವಾ?"

ಸೂಪು ಆರಿಹೋಗುತ್ತದೆ ಎಂದು ಟಾಂಟೆ ಬೆಟ್ ಎರಡು ಸಲ ಕೂಗಿದಳು. ಇಬ್ಬರಿಗೂ ಕೇಳಿಸಲಿಲ್ಲ. ನಲವತ್ತು ವರ್ಷ ಹಾರ್ಮೆನ್‌ನ ಬಾಗಿಲುಗಳನ್ನು ಜನ ತೆರೆದು ಒಳಗೆ ಹೋಗಿದ್ದರು, ಹಾಕಿಕೊಂಡು ಹೊರಗೆ ಬಂದಿದ್ದರು. ಅವನು ಎಳೆದ ಒಂದು ಗೆರೆಗಾಗಿ ಯಾರೂ ಒಂದು ದಿನವೂ ಅವನ ಜೊತೆ ಜಗಳಕ್ಕೆ ನಿಂತಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಧ್ವನಿ ಏರಿಸಿ, ಅವನು ಇನ್ನಿಲ್ಲದ ಖುಷಿಯಲ್ಲಿ ಜಗಳವಾಡಿದ.